ಬ್ರೌಸರ್‌ನಲ್ಲಿ ಚಿತ್ರ ಮಸುಕಾಗಿ ಕಾಣುತ್ತಿದೆಯೇ? ಯಾವುದನ್ನು ಮೊದಲು ನೋಡಬೇಕು, ಯಾವುದನ್ನು ಮುಟ್ಟಬಾರದು

ಊರಿನ ಜಮೀನಿನ ಸರ್ವೆ ನಕ್ಷೆ, ಹಳೆಯ ಕನ್ನಡ ಪುಸ್ತಕದ ಸ್ಕ್ಯಾನ್, ಸಂಘದ ಕಾರ್ಯಕ್ರಮದ ಕರೆಯೋಲೆ, ಇ-ಪೇಪರ್. ಮುಂಬಯಿಯಲ್ಲಿ ಕೂತು ನಾವು ಕನ್ನಡಿಗರು ಬ್ರೌಸರ್‌ನಲ್ಲಿ ತೆರೆಯುವ ಚಿತ್ರಗಳಲ್ಲಿ ಇಂಥವೇ ಜಾಸ್ತಿ. ಇವನ್ನು ಸುಮ್ನೆ ನೋಡಿದರೆ ಸಾಲದು, ಓದಬೇಕು. ಸರ್ವೆ ನಂಬರ್ 63 ಎಂದಿರುವುದು 68ರಂತೆ ಕಂಡರೆ ಊರಲ್ಲಿರುವ ಅಣ್ಣತಮ್ಮಂದಿರಿಗೆ ತಪ್ಪು ಮಾಹಿತಿ ಹೋಗುತ್ತದೆ.

ಡೊಂಬಿವಲಿ, ಠಾಣೆ, ಮೀರಾ ರೋಡ್ ಕಡೆಯ ಓದುಗರಿಂದ ಪದೇ ಪದೇ ಬರುವ ಮಾತು ಒಂದೇ: "ಇರುವ ಸೆಟ್ಟಿಂಗ್ ಎಲ್ಲ ಬದಲಿಸಿ ನೋಡಿದೆ, ಆದರೂ ಚಿತ್ರ ಮಬ್ಬು." ತೊಡಕು ಇರುವುದು ಆ ‘ಎಲ್ಲ’ ಎಂಬಲ್ಲೇ. ಎಲ್ಲ ಚಿತ್ರವನ್ನೂ ಸ್ಪಷ್ಟ ಮಾಡಿಬಿಡುವ ಗುಂಡಿ ಯಾವ ಬ್ರೌಸರ್‌ನಲ್ಲೂ ಇಲ್ಲ. ಕ್ರೋಮ್‌ನ ಸೈಟ್ ಸೆಟ್ಟಿಂಗ್ಸ್‌ನಲ್ಲಿ ‘ಇಮೇಜಸ್’ ಎಂಬ ಆಯ್ಕೆ ಇದೆ, ನಿಜ. ಅದು ಚಿತ್ರ ತೋರಿಸಬೇಕೋ ಬೇಡವೋ ಎಂಬುದನ್ನು ಮಾತ್ರ ಕೇಳುತ್ತದೆ. ಗುಣಮಟ್ಟಕ್ಕೂ ಅದಕ್ಕೂ ಸಂಬಂಧ ಇಲ್ಲ.

ಒಂದು ಚಿತ್ರ ನಿಮ್ಮ ಕಣ್ಣಿಗೆ ಬರುವ ಮೊದಲು ಐದು ಕಡೆ ಹಾದು ಬರುತ್ತದೆ: ಮೂಲ ಫೈಲ್, ಅದನ್ನು ಕಳಿಸುವ ತಾಣ, ಬ್ರೌಸರ್, ವಿಂಡೋಸ್ ಅಥವಾ ಆಂಡ್ರಾಯ್ಡ್, ಕೊನೆಗೆ ಪರದೆ. ಐದರಲ್ಲಿ ಎಲ್ಲಿ ಬೇಕಾದರೂ ಮಸುಕಾಗಬಹುದು. ಎಲ್ಲಿ ಎಂದು ಗೊತ್ತಾಗದೆ ಸೆಟ್ಟಿಂಗ್ ಮುಟ್ಟಿದರೆ ಇದ್ದ ತೊಂದರೆಯ ಮೇಲೆ ಇನ್ನೊಂದು ಸೇರುತ್ತದೆ. ಅದಕ್ಕೇ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ.

## ಕೈಯಲ್ಲಿ ಏನಿರಬೇಕು

ಪರೀಕ್ಷೆಗೆ ಒಂದೇ ಚಿತ್ರ ಇಟ್ಟುಕೊಳ್ಳಿ. ಸಣ್ಣ ಕನ್ನಡ ಅಕ್ಷರಗಳಿರುವ ಸ್ಕ್ಯಾನ್ ಪುಟ ಆದರೆ ಬಹಳ ಒಳ್ಳೆಯದು. ಮುಖದ ಫೋಟೊದಲ್ಲಿ ಸಣ್ಣ ಮಸುಕು ಗೊತ್ತಾಗುವುದಿಲ್ಲ. ಧ, ಭ, ಫ ಅಕ್ಷರಗಳ ಕೆಳಗಿನ ಸೀಳಿನಲ್ಲಿ ಮತ್ತು ಒತ್ತಕ್ಷರಗಳಲ್ಲಿ ತಕ್ಷಣ ಗೊತ್ತಾಗುತ್ತದೆ. ‘ಧನ’ ಎಂಬುದು ‘ದನ’ ಎಂದು ಕಾಣುತ್ತಿದೆಯೇ ನೋಡಿ, ಅಷ್ಟೇ ಸಾಕು.

ಇನ್ನೊಂದು ಬ್ರೌಸರ್ ಬೇಕು. ಕ್ರೋಮ್ ಬಳಸುವವರು ಫೈರ್‌ಫಾಕ್ಸ್ ಹಾಕಿಕೊಳ್ಳಿ. ಒಂದು ಕಾಗದ, ಪೆನ್ ಕೂಡ ಇರಲಿ. ಯಾವ ಸೆಟ್ಟಿಂಗ್ ಮೊದಲು ಏನಿತ್ತು ಎಂದು ಬರೆದುಕೊಂಡೇ ಬದಲಿಸಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಚಿತ್ರ ನೋಡಿ, ಲಾಭ ಇಲ್ಲದಿದ್ದರೆ ಹಿಂದಿದ್ದ ಹಾಗೆ ಮಾಡಿ ಮುಂದೆ ಹೋಗಿ.

## ಹಂತ 1: ಮಸುಕು ಚಿತ್ರದಲ್ಲೋ, ಇಡೀ ಪರದೆಯಲ್ಲೋ?

ಇದಕ್ಕೆ ಹತ್ತು ಸೆಕೆಂಡ್ ಸಾಕು. ಆದರೆ ಹೆಚ್ಚಿನವರು ಇದನ್ನೇ ಬಿಟ್ಟುಬಿಡುತ್ತಾರೆ.

ಚಿತ್ರ ತೆರೆದಿರುವಾಗ ಮೇಲಿನ ಅಡ್ರೆಸ್ ಬಾರ್‌ನ ಅಕ್ಷರಗಳನ್ನು ನೋಡಿ. ಟ್ಯಾಬ್‌ಗಳ ಹೆಸರು ನೋಡಿ. ಅವೂ ಮಬ್ಬಾಗಿವೆಯೇ? ಹಾಗಿದ್ದರೆ ತೊಂದರೆ ವಿಂಡೋಸ್‌ನದು ಅಥವಾ ಪರದೆಯದು. ತಾಣವನ್ನೋ ಫೈಲನ್ನೋ ಬೈದು ಪ್ರಯೋಜನ ಇಲ್ಲ. ನೇರವಾಗಿ 6ನೇ ಹಂತಕ್ಕೆ ಹೋಗಿ.

ಅಡ್ರೆಸ್ ಬಾರ್ ಚೂಪಾಗಿದ್ದು ಚಿತ್ರ ಮಾತ್ರ ಮಸುಕಾಗಿದ್ದರೆ, ಅದೇ ಪುಟವನ್ನು ಇನ್ನೊಂದು ಬ್ರೌಸರ್‌ನಲ್ಲಿ ತೆರೆಯಿರಿ. ಅಲ್ಲಿ ಸ್ಪಷ್ಟವಾಗಿದೆ ಎಂದರೆ ನಿಮ್ಮ ಮೊದಲ ಬ್ರೌಸರ್‌ನಲ್ಲಿ ಏನೋ ಬದಲಾಗಿದೆ. 3, 4, 5ನೇ ಹಂತಗಳು ನಿಮಗೆ. ಎರಡರಲ್ಲೂ ಒಂದೇ ರೀತಿ ಮಸುಕು ಎಂದರೆ ಫೈಲಿನ ಮೇಲೆ ಅನುಮಾನ ಪಡಬೇಕು. ಅದೇ ಮುಂದಿನ ಹಂತ.

## ಹಂತ 2: ಚಿತ್ರದ ನಿಜವಾದ ಅಳತೆ ನೋಡಿ

ನೀವು ನೋಡುತ್ತಿರುವುದು ಮೂಲ ಚಿತ್ರವೋ, ಅದರ ಸಣ್ಣ ನಕಲೋ? ಬಹಳಷ್ಟು ದೂರುಗಳು ಇಲ್ಲೇ ಮುಗಿಯುತ್ತವೆ.

ಕಂಪ್ಯೂಟರ್‌ನಲ್ಲಿ ಚಿತ್ರದ ಮೇಲೆ ರೈಟ್ ಕ್ಲಿಕ್ ಮಾಡಿ, ‘ಓಪನ್ ಇಮೇಜ್ ಇನ್ ನ್ಯೂ ಟ್ಯಾಬ್’ ಆರಿಸಿ. ಹೊಸ ಟ್ಯಾಬ್‌ನ ಹೆಸರಿನ ಮೇಲೆ ಮೌಸ್ ಇಡಿ. ಫೈಲಿನ ಹೆಸರಿನ ಜೊತೆ 1240×1754 ಎಂಬಂತೆ ಎರಡು ಸಂಖ್ಯೆ ಕಾಣುತ್ತವೆ. ಮೊದಲನೆಯದು ಅಗಲ, ಎರಡನೆಯದು ಎತ್ತರ, ಎರಡೂ ಪಿಕ್ಸೆಲ್‌ಗಳಲ್ಲಿ, ಅಂದರೆ ಚಿತ್ರವನ್ನು ಕಟ್ಟುವ ಚುಕ್ಕೆಗಳಲ್ಲಿ. ಫೈರ್‌ಫಾಕ್ಸ್ ಚಿತ್ರವನ್ನು ಕುಗ್ಗಿಸಿ ತೋರಿಸುತ್ತಿದ್ದರೆ ಶೇಕಡಾ ಎಷ್ಟು ಎಂಬುದನ್ನೂ ಹೇಳುತ್ತದೆ. ಮೌಸ್ ಬಾಣ ಭೂತಗನ್ನಡಿಯ ಆಕಾರಕ್ಕೆ ಬಂದರೆ ಒಮ್ಮೆ ಕ್ಲಿಕ್ ಮಾಡಿ. ಚಿತ್ರ ಪೂರ್ಣ ಅಳತೆಗೆ ಬರುತ್ತದೆ.

ಸಂಖ್ಯೆ ಅಳೆಯಲು ಒಂದು ಅಂದಾಜು ಇಟ್ಟುಕೊಳ್ಳಿ. ಎ4 ಹಾಳೆಯನ್ನು ಇಂಚಿಗೆ 300 ಚುಕ್ಕೆಯಂತೆ ಸ್ಕ್ಯಾನ್ ಮಾಡಿದರೆ 2480×3508 ಬರುತ್ತದೆ. 150ರಂತೆ ಮಾಡಿದರೆ 1240×1754. ಕನ್ನಡದ ತುಂಬು ಪುಟಕ್ಕೆ ಎರಡನೆಯದು ಕನಿಷ್ಠ ಎಂದೇ ನನ್ನ ಲೆಕ್ಕ. ಅಗಲ 600–700ರ ಆಸುಪಾಸಿದ್ದರೆ ಒತ್ತಕ್ಷರ ಉಳಿದಿರುವುದಿಲ್ಲ. ಯಾವ ಸೆಟ್ಟಿಂಗೂ ಅದನ್ನು ವಾಪಸ್ ತರುವುದಿಲ್ಲ. ನಾಲ್ಕು ಜನರಿಗೆ ಮಾಡಿದ ಸಾರಿಗೆ ನೀರು ಹೊಯ್ದು ನಲವತ್ತು ಜನರಿಗೆ ಬಡಿಸಿದಂತೆ, ಇರುವಷ್ಟು ಪಿಕ್ಸೆಲ್ಲನ್ನೇ ಬ್ರೌಸರ್ ಹಿಗ್ಗಿಸಿ ಹರಡುತ್ತದೆ.

ಅಳತೆ ಸಣ್ಣದಿದೆ ಎಂದ ಮಾತ್ರಕ್ಕೆ ದೊಡ್ಡದು ಇಲ್ಲವೇ ಇಲ್ಲ ಎಂದಲ್ಲ. ಹೀಗೆ ಹುಡುಕಿ.

ಚಿತ್ರದ ವಿಳಾಸ ಓದಿ. ಕೊನೆಯಲ್ಲಿ 150x150, 300x225 ಎಂಬಂಥ ಅಂಕಿಗಳಿದ್ದರೆ ಅದು ವರ್ಡ್‌ಪ್ರೆಸ್ ತಾಣಗಳು ತಾವೇ ಮಾಡಿಕೊಳ್ಳುವ ಸಣ್ಣ ನಕಲು. ಆ ಅಂಕಿಗಳನ್ನೂ ಅವುಗಳ ಹಿಂದಿನ ಅಡ್ಡಗೆರೆಯನ್ನೂ ಅಳಿಸಿ ಎಂಟರ್ ಒತ್ತಿ. ಬಹಳ ಸಲ ಮೂಲ ಚಿತ್ರ ಬರುತ್ತದೆ. ಬರದಿದ್ದರೆ ದೋಷದ ಪುಟ ಕಾಣುತ್ತದೆ, ನಷ್ಟ ಏನೂ ಇಲ್ಲ. ವಿಕಿಮೀಡಿಯ ಕಾಮನ್ಸ್‌ನಲ್ಲಿ ಚಿತ್ರದ ಕೆಳಗೆ ‘ಒರಿಜಿನಲ್ ಫೈಲ್’ ಎಂಬ ಕೊಂಡಿ ಇರುತ್ತದೆ. ಅದನ್ನೇ ಒತ್ತಬೇಕು. ಮೇಲೆ ಕಾಣುವುದು ಕುಗ್ಗಿಸಿದ ರೂಪ.

ಗೂಗಲ್ ಇಮೇಜಸ್‌ನಲ್ಲಿ ಹುಡುಕಿ, ಅಲ್ಲಿಂದಲೇ ಚಿತ್ರ ಉಳಿಸಿಕೊಳ್ಳುವುದು ತೀರಾ ಸಾಮಾನ್ಯ ತಪ್ಪು. ಅಲ್ಲಿ ಸಾಲಾಗಿ ಕಾಣುವುದು ಗೂಗಲ್ ಇಟ್ಟುಕೊಂಡಿರುವ ಪುಟ್ಟ ನಕಲು. ಅದರ ವಿಳಾಸದಲ್ಲಿ ಜಿಸ್ಟ್ಯಾಟಿಕ್ (gstatic) ಎಂಬ ಪದ ಇರುತ್ತದೆ. ಹಾಗೆ ಕಂಡರೆ ಉಳಿಸಬೇಡಿ. ‘ವಿಸಿಟ್’ ಒತ್ತಿ ಮೂಲ ಪುಟಕ್ಕೆ ಹೋಗಿ, ಅಲ್ಲಿಂದ ತೆರೆಯಿರಿ.

ಫೋನ್‌ನಲ್ಲಿ ಚಿತ್ರವನ್ನು ಒತ್ತಿ ಹಿಡಿದರೆ ಹೊಸ ಟ್ಯಾಬ್‌ನ ಆಯ್ಕೆ ಸಿಗುತ್ತದೆ, ಆದರೆ ಅಳತೆ ಕಾಣುವುದಿಲ್ಲ. ಚಿತ್ರ ಇಳಿಸಿಕೊಂಡು ಗ್ಯಾಲರಿಯಲ್ಲಿ ‘ಡೀಟೇಲ್ಸ್’ ನೋಡಿ.

ಎಚ್ಚರಿಕೆಯ ಗುರುತು: ಅಕ್ಷರಗಳ ಸುತ್ತ ಸಣ್ಣ ಚೌಕಗಳು, ಕೊಳೆಯಂಥ ಚುಕ್ಕೆಗಳು ಕಂಡರೆ ಅದು ಜೆಪೆಗ್ (ಫೋಟೊ ಫೈಲ್‌ಗಳ ಒಂದು ಬಗೆ) ಕುಗ್ಗಿಸಿದ್ದರ ಕಲೆ. ಜೆಪೆಗ್ ಚಿತ್ರವನ್ನು 8×8 ಪಿಕ್ಸೆಲ್‌ನ ತುಂಡುಗಳಾಗಿ ಮಾಡಿ ಕುಗ್ಗಿಸುತ್ತದೆ. ಆ ತುಂಡುಗಳ ಅಂಚೇ ಚೌಕವಾಗಿ ಕಾಣುವುದು. ಹಳದಿ ಹಿನ್ನೆಲೆಯ ಮೇಲೆ ಕೆಂಪು ಅಕ್ಷರ ಇರುವ ನಮ್ಮ ಮದುವೆ, ಗೃಹಪ್ರವೇಶದ ಕರೆಯೋಲೆಗಳಲ್ಲಿ ಇದು ಎದ್ದು ಕಾಣುತ್ತದೆ. ಜೆಪೆಗ್ ಬಣ್ಣದ ವಿವರವನ್ನು ಬೆಳಕಿನ ವಿವರಕ್ಕಿಂತ ಜಾಸ್ತಿ ಕತ್ತರಿಸುವುದೇ ಕಾರಣ. ಇದೂ ಫೈಲಿನೊಳಗಿನ ತೊಂದರೆಯೇ. ಬೇರೆ ಪ್ರತಿ ತರಿಸಿಕೊಳ್ಳಬೇಕು, ಅದರ ದಾರಿ ಕೊನೆಯ ಹಂತದಲ್ಲಿದೆ.

## ಹಂತ 3: ಜೂಮ್ ಮತ್ತು ಸ್ಕೇಲ್ ಸರಿಪಡಿಸಿ

ಫೈಲ್ ದೊಡ್ಡದೇ ಇದೆ, ಆದರೂ ಮಸುಕು ಎಂದರೆ ಇಲ್ಲಿ ನಿಲ್ಲಿ. ಈ ಹಂತವನ್ನು ನಿಧಾನವಾಗಿ ಮಾಡಿ.

ಮೊದಲು ಕಂಟ್ರೋಲ್ ಮತ್ತು ಸೊನ್ನೆ ಒಟ್ಟಿಗೆ ಒತ್ತಿ. ಮ್ಯಾಕ್‌ನಲ್ಲಿ ಕಮಾಂಡ್ ಮತ್ತು ಸೊನ್ನೆ. ಜೂಮ್ ಮೊದಲಿನ ಮಟ್ಟಕ್ಕೆ, ಸಾಮಾನ್ಯವಾಗಿ 100ಕ್ಕೆ ಬರುತ್ತದೆ. ಕಂಟ್ರೋಲ್ ಒತ್ತಿರುವಾಗ ಮೌಸ್‌ನ ಚಕ್ರ ತಿರುಗಿದರೆ ಜೂಮ್ ಬದಲಾಗುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ. ಕ್ರೋಮ್ ಪ್ರತಿ ತಾಣದ ಜೂಮ್ ಅನ್ನು ಬೇರೆ ಬೇರೆಯಾಗಿ ನೆನಪಿಡುತ್ತದೆ. ಒಂದೇ ಒಂದು ತಾಣದಲ್ಲಿ ಮಾತ್ರ ಚಿತ್ರಗಳು ಮಸುಕು ಎಂದು ಹೇಳುವವರು ಇದನ್ನು ಮೊದಲು ನೋಡಬೇಕು. ಸೆಟ್ಟಿಂಗ್ಸ್‌ನಲ್ಲಿ ‘ಪ್ರೈವಸಿ ಅಂಡ್ ಸೆಕ್ಯುರಿಟಿ’, ಅಲ್ಲಿ ‘ಸೈಟ್ ಸೆಟ್ಟಿಂಗ್ಸ್’, ಅದರ ಕೊನೆಯ ಭಾಗದಲ್ಲಿ ‘ಜೂಮ್ ಲೆವೆಲ್ಸ್’. ಜೂಮ್ ಬದಲಾದ ತಾಣಗಳ ಪಟ್ಟಿ ಸಿಗುತ್ತದೆ. ಬೇಡದ್ದನ್ನು ತೆಗೆಯಿರಿ.

ಈಗ ವಿಂಡೋಸ್‌ನ ಕಡೆ ಬನ್ನಿ. ‘ಸೆಟ್ಟಿಂಗ್ಸ್’, ‘ಸಿಸ್ಟಮ್’, ‘ಡಿಸ್‌ಪ್ಲೇ’. ಅಲ್ಲಿ ‘ಸ್ಕೇಲ್’ ಎಷ್ಟಿದೆ? 1920×1080 ಪರದೆಯ ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಾಗಿ 125 ಅಥವಾ 150 ಇರುತ್ತದೆ. ಅಕ್ಷರ ಓದಲು ಅದು ಒಳ್ಳೆಯದೇ. ಆದರೆ ಚಿತ್ರಕ್ಕೆ ಏನಾಗುತ್ತದೆ ನೋಡಿ. ತಾಣವು 600 ಪಿಕ್ಸೆಲ್ ಅಗಲದ ಚಿತ್ರವನ್ನು 600ರಷ್ಟೇ ಅಗಲಕ್ಕೆ ಇಟ್ಟಿದೆ ಎಂದುಕೊಳ್ಳಿ. ಸ್ಕೇಲ್ 125 ಇದ್ದರೆ ಅದು ಪರದೆಯ 750 ಪಿಕ್ಸೆಲ್‌ಗಳ ಮೇಲೆ ಹರಡುತ್ತದೆ. ಉಳಿದ 150ನ್ನು ಬ್ರೌಸರ್ ಅಕ್ಕಪಕ್ಕದ ಬಣ್ಣ ಬೆರೆಸಿ ತುಂಬುತ್ತದೆ. ಆ ಬೆರಕೆಯೇ ನಿಮಗೆ ಕಾಣುವ ಮಸುಕು.

ಇದೇ ಕಾರಣವೋ ಎಂದು ತಿಳಿಯಲು ಸುಲಭದ ಪರೀಕ್ಷೆ ಇದೆ. ಸ್ಕೇಲ್ 125 ಇದ್ದರೆ ಬ್ರೌಸರ್ ಜೂಮ್ 80ಕ್ಕೆ ಇಳಿಸಿ. 150 ಇದ್ದರೆ 67ಕ್ಕೆ. ಆಗ ಎರಡೂ ಸೇರಿ ಹೆಚ್ಚುಕಡಿಮೆ ಒಂದಕ್ಕೆ ಒಂದು ಆಗುತ್ತದೆ. ಚಿತ್ರದ ಒಂದು ಪಿಕ್ಸೆಲ್, ಪರದೆಯ ಒಂದು ಪಿಕ್ಸೆಲ್. ಚಿತ್ರ ಸ್ವಲ್ಪ ಚಿಕ್ಕದಾಗಿ, ಆದರೆ ಚೂಪಾಗಿ ಕಂಡರೆ ಕಾರಣ ಸಿಕ್ಕಿತು. ಹಾಗೆಂದು ವಿಂಡೋಸ್‌ನ ಸ್ಕೇಲನ್ನೇ 100ಕ್ಕೆ ಇಳಿಸಬೇಡಿ. ಉಳಿದೆಲ್ಲ ಅಕ್ಷರಗಳು ಸಣ್ಣದಾಗಿ, ಕಣ್ಣಿಗೆ ಶ್ರಮ. ಸಣ್ಣ ವಿವರ ಓದಬೇಕಾದಾಗ ಆ ತಾಣಕ್ಕೆ ಮಾತ್ರ ಜೂಮ್ ಇಳಿಸಿಕೊಂಡರೆ ಸಾಕು, ಅಲ್ವಾ?

ಹಲವರು ‘ಕಸ್ಟಮ್ ಸ್ಕೇಲಿಂಗ್’ನಲ್ಲಿ 110, 115 ಎಂದು ತಮಗೆ ಹಿತವಾದ ಅಂಕಿ ಹಾಕಿಕೊಂಡಿರುತ್ತಾರೆ. ಇದನ್ನು ನಾನು ಯಾರಿಗೂ ಹೇಳುವುದಿಲ್ಲ. ಹಳೆಯ ಪ್ರೋಗ್ರಾಮ್‌ಗಳು ಆ ಅಂಕಿಗೆ ಸರಿಯಾಗಿ ಹೊಂದಿಕೊಳ್ಳುವುದಿಲ್ಲ. ಅದನ್ನು ತೆಗೆದು, ಸೈನ್ ಔಟ್ ಆಗಿ ಮತ್ತೆ ಬನ್ನಿ. ಪಟ್ಟಿಯಲ್ಲಿರುವ ‘ರೆಕಮೆಂಡೆಡ್’ ಅಂಕಿಯನ್ನೇ ಇಡಿ.

ಫೈರ್‌ಫಾಕ್ಸ್ ಬಳಸುವವರಿಗೆ ಒಂದು ಮಾತು. ಅದರಲ್ಲಿ ‘ಜೂಮ್ ಟೆಕ್ಸ್ಟ್ ಓನ್ಲಿ’ ಎಂಬ ಆಯ್ಕೆ ಇದೆ. ಅದಕ್ಕೆ ಗುರುತು ಬಿದ್ದಿದ್ದರೆ ಜೂಮ್ ಮಾಡಿದಾಗ ಅಕ್ಷರ ಮಾತ್ರ ದೊಡ್ಡದಾಗುತ್ತದೆ, ಚಿತ್ರ ಇದ್ದಷ್ಟೇ ಇರುತ್ತದೆ.

## ಹಂತ 4: ಎಕ್ಸ್‌ಟೆನ್ಶನ್, ಹಳೆಯ ಕ್ಯಾಶ್, ಡೇಟಾ ಸೇವರ್

ಕಂಟ್ರೋಲ್, ಶಿಫ್ಟ್, ಎನ್ ಒತ್ತಿ ಇನ್‌ಕಾಗ್ನಿಟೊ ಕಿಟಕಿ ತೆರೆಯಿರಿ. ಅದೇ ಚಿತ್ರವನ್ನು ಅಲ್ಲಿ ನೋಡಿ. ನೀವಾಗಿ ಅನುಮತಿ ಕೊಡದ ಹೊರತು ಅಲ್ಲಿ ಎಕ್ಸ್‌ಟೆನ್ಶನ್‌ಗಳು (ಬ್ರೌಸರ್‌ಗೆ ಸೇರಿಸಿಕೊಂಡ ಪುಟ್ಟ ಪ್ರೋಗ್ರಾಮ್‌ಗಳು) ಕೆಲಸ ಮಾಡುವುದಿಲ್ಲ, ಹಳೆಯ ಕ್ಯಾಶ್ (ಬ್ರೌಸರ್ ಮೊದಲೇ ಇಳಿಸಿ ಇಟ್ಟುಕೊಂಡ ಪ್ರತಿಗಳು) ಕೂಡ ಇರುವುದಿಲ್ಲ. ಇಲ್ಲಿ ಸ್ಪಷ್ಟವಾಗಿ ಕಂಡರೆ ಕಳ್ಳ ಈ ಎರಡರಲ್ಲಿ ಒಬ್ಬ.

ಎಕ್ಸ್‌ಟೆನ್ಶನ್‌ಗಳನ್ನು ಒಂದೊಂದಾಗಿ ಆಫ್ ಮಾಡಿ ನೋಡಿ. ಕಪ್ಪು ಹಿನ್ನೆಲೆ ಕೊಡುವವು ಸ್ಕ್ಯಾನ್ ಪುಟಗಳ ಬೆಳಕನ್ನು ಕುಗ್ಗಿಸುತ್ತವೆ, ಕೆಲವು ಸಲ ಬಣ್ಣವನ್ನೇ ತಿರುಗಿಸುತ್ತವೆ. ಜಾಹೀರಾತು ತಡೆಯುವ ಕೆಲವಲ್ಲಿ ದೊಡ್ಡ ಫೈಲ್‌ಗಳನ್ನು ತಡೆಯುವ ಆಯ್ಕೆ ಇರುತ್ತದೆ. ಆಗ ತಾಣವು ಮೊದಲು ತೋರಿಸುವ ಮಬ್ಬು ಚಿತ್ರವೇ ಉಳಿದುಬಿಡುತ್ತದೆ.

ಕ್ಯಾಶ್ ಅನುಮಾನ ಇದ್ದರೆ ಮೊದಲು ಕಂಟ್ರೋಲ್, ಶಿಫ್ಟ್, ಆರ್ ಒತ್ತಿ. ಪುಟ ಹೊಸದಾಗಿ ಇಳಿಯುತ್ತದೆ. ಅದರಿಂದಲೂ ಆಗದಿದ್ದರೆ ಕಂಟ್ರೋಲ್, ಶಿಫ್ಟ್, ಡಿಲೀಟ್ ಒತ್ತಿ, ‘ಕ್ಯಾಶ್ಡ್ ಇಮೇಜಸ್ ಅಂಡ್ ಫೈಲ್ಸ್’ ಒಂದಕ್ಕೆ ಮಾತ್ರ ಗುರುತು ಹಾಕಿ ಅಳಿಸಿ. ಕುಕೀಸ್, ಪಾಸ್‌ವರ್ಡ್ ಇವಕ್ಕೆ ಗುರುತು ಬೇಡ. ಎಲ್ಲ ಕಡೆ ಲಾಗಿನ್ ಹೋಗಿ, ಮನೆಯ ಹಿರಿಯರು ಪಾಸ್‌ವರ್ಡ್ ನೆನಪಾಗದೆ ಒದ್ದಾಡುತ್ತಾರೆ. ಚಿತ್ರಕ್ಕಾಗಿ ಅಷ್ಟು ಬೆಲೆ ಕೊಡಬೇಕಾಗಿಲ್ಲ.

ಇನ್ನು ಫೋನ್. ಕ್ರೋಮ್‌ನಲ್ಲಿ ಮೊದಲು ‘ಲೈಟ್ ಮೋಡ್’ ಎಂಬ ಡೇಟಾ ಉಳಿಸುವ ಆಯ್ಕೆ ಇತ್ತು. 2022ರ ಮಾರ್ಚ್‌ನಲ್ಲಿ ಅದನ್ನು ತೆಗೆದುಹಾಕಿದರು. ಹಳೆಯ ಸಲಹೆಗಳನ್ನು ಓದಿ ಅದನ್ನು ಹುಡುಕಿ ಸುಸ್ತಾಗಬೇಡಿ. ಈಗ ನೋಡಬೇಕಾದ್ದು ಆಂಡ್ರಾಯ್ಡ್‌ನ ಸ್ವಂತ ‘ಡೇಟಾ ಸೇವರ್’, ಐಫೋನ್‌ನಲ್ಲಿ ‘ಲೋ ಡೇಟಾ ಮೋಡ್’. ಇವು ಆನ್ ಇದ್ದರೆ ಕೆಲವು ತಾಣ, ಆ್ಯಪ್‌ಗಳು ಸಣ್ಣ ಚಿತ್ರ ಕಳಿಸುತ್ತವೆ. ಒಪೆರಾ ಮಿನಿಯಲ್ಲಂತೂ ಚಿತ್ರದ ಗುಣಮಟ್ಟಕ್ಕೇ ಬೇರೆ ಆಯ್ಕೆ ಇದೆ: ಲೋ, ಮೀಡಿಯಂ, ಹೈ. ಡೇಟಾ ದುಬಾರಿ ಇದ್ದ ಕಾಲದಲ್ಲಿ ‘ಲೋ’ ಇಟ್ಟವರು ಇಂದಿಗೂ ಹಾಗೇ ಬಿಟ್ಟಿರುತ್ತಾರೆ. ‘ಹೈ’ಗೆ ತಂದು ಪುಟವನ್ನು ಮತ್ತೆ ತೆರೆಯಿರಿ.

ಲೋಕಲ್ ರೈಲಿನಲ್ಲಿ ಓದುವವರಿಗೆ ಇನ್ನೊಂದು ವಿಷಯ. ಕೆಲವು ಜೆಪೆಗ್ ಚಿತ್ರಗಳು ಮೊದಲು ಇಡಿಯಾಗಿ ಮಬ್ಬಾಗಿ ಬಂದು, ಆಮೇಲೆ ಹಂತ ಹಂತವಾಗಿ ತಿಳಿಯಾಗುತ್ತವೆ. ರೈಲು ಓಡುತ್ತಿರುವಾಗ ನಡುವೆ ನೆಟ್‌ವರ್ಕ್ ಕಡಿದರೆ ಚಿತ್ರ ಅರ್ಧಕ್ಕೇ ನಿಲ್ಲುತ್ತದೆ. ಪುಟ ಪೂರ್ತಿ ಬಂದಂತೆ ಕಾಣುತ್ತದೆ, ಚಿತ್ರ ಮಾತ್ರ ಮಸುಕು. ಇದಕ್ಕೆ ಸೆಟ್ಟಿಂಗ್ ಹುಡುಕಬೇಡಿ. ಸಿಗ್ನಲ್ ಬಂದ ಮೇಲೆ ರಿಲೋಡ್ ಮಾಡಿ.

## ಹಂತ 5: ಗ್ರಾಫಿಕ್ಸ್ ಆಕ್ಸಲರೇಶನ್

ಬ್ರೌಸರ್ ಚಿತ್ರ ಬಿಡಿಸುವ ಕೆಲಸವನ್ನು ಕಂಪ್ಯೂಟರ್‌ನ ಗ್ರಾಫಿಕ್ಸ್ ಚಿಪ್‌ಗೆ ಒಪ್ಪಿಸುತ್ತದೆ. ಆ ಚಿಪ್ ನಡೆಸುವ ಪ್ರೋಗ್ರಾಮ್, ಅಂದರೆ ಡ್ರೈವರ್, ಹಳೆಯದಾಗಿದ್ದರೆ ಇಲ್ಲಿ ಎಡವಟ್ಟಾಗುತ್ತದೆ. ಆದರೆ ಅದರ ಗುರುತುಗಳೇ ಬೇರೆ: ಚಿತ್ರದಲ್ಲಿ ಕಪ್ಪು ಚೌಕ, ಪಟ್ಟೆ, ಮಿನುಗು, ಸ್ಕ್ರೋಲ್ ಮಾಡುವಾಗ ತುಂಡು ತುಂಡಾಗಿ ಮಬ್ಬಾಗಿ ಉಳಿಯುವುದು. ಇಂಥದ್ದು ಕಂಡರೆ ಮಾತ್ರ ಈ ಹಂತ ಮಾಡಿ.

ಕ್ರೋಮ್‌ನಲ್ಲಿ ‘ಸೆಟ್ಟಿಂಗ್ಸ್’, ‘ಸಿಸ್ಟಮ್’, ಅಲ್ಲಿ ‘ಯೂಸ್ ಗ್ರಾಫಿಕ್ಸ್ ಆಕ್ಸಲರೇಶನ್ ವೆನ್ ಅವೈಲಬಲ್’. ಫೈರ್‌ಫಾಕ್ಸ್‌ನಲ್ಲಿ ‘ಜನರಲ್’ ಭಾಗದ ‘ಪರ್ಫಾರ್ಮೆನ್ಸ್’ ಕೆಳಗೆ, ಶಿಫಾರಸು ಮಾಡಿದ ಸೆಟ್ಟಿಂಗ್ ಎಂಬ ಗುರುತು ತೆಗೆದಾಗ ಕಾಣುತ್ತದೆ. ಆಫ್ ಮಾಡಿ, ಬ್ರೌಸರ್ ಮುಚ್ಚಿ ಮತ್ತೆ ತೆರೆಯಿರಿ. ಮತ್ತೆ ತೆರೆಯದೆ ‘ಏನೂ ಬದಲಾಗಲಿಲ್ಲ’ ಎನ್ನುವವರು ಬಹಳ.

ಸರಿಯಾಯಿತೇ? ಹಾಗಾದರೆ ಗ್ರಾಫಿಕ್ಸ್ ಡ್ರೈವರನ್ನು ಲ್ಯಾಪ್‌ಟಾಪ್ ಕಂಪನಿಯ ತಾಣದಿಂದ ಅಥವಾ ವಿಂಡೋಸ್ ಅಪ್‌ಡೇಟ್‌ನಿಂದ ಹೊಸದು ಮಾಡಿ, ಆಮೇಲೆ ಆಕ್ಸಲರೇಶನ್ ಮತ್ತೆ ಆನ್ ಮಾಡಿ. ಶಾಶ್ವತವಾಗಿ ಆಫ್ ಇಡುವುದು ಒಳ್ಳೆಯದಲ್ಲ. ವಿಡಿಯೊ ನೋಡುವಾಗ ಭಾರವೆಲ್ಲ ಪ್ರೊಸೆಸರ್ ಮೇಲೆ ಬಿದ್ದು ಯಂತ್ರ ಬಿಸಿಯಾಗುತ್ತದೆ. ವ್ಯತ್ಯಾಸ ಏನೂ ಕಾಣದಿದ್ದರೆ ತಕ್ಷಣ ಆನ್ ಮಾಡಿ ಮುಂದೆ ಹೋಗಿ.

## ಹಂತ 6: ವಿಂಡೋಸ್ ಮತ್ತು ಪರದೆ

ಅಡ್ರೆಸ್ ಬಾರ್ ಕೂಡ ಮಬ್ಬಾಗಿದೆ ಎಂದು 1ನೇ ಹಂತದಿಂದ ಬಂದವರು ಇಲ್ಲಿಂದ ಶುರು ಮಾಡಿ.

‘ಡಿಸ್‌ಪ್ಲೇ ರೆಸಲ್ಯೂಶನ್’ ಎದುರು ‘ರೆಕಮೆಂಡೆಡ್’ ಎಂದು ಇದೆಯೇ? ಇಲ್ಲದಿದ್ದರೆ ಅದನ್ನೇ ಆರಿಸಿ. 1920×1080 ಪರದೆಗೆ 1366×768 ಕೊಟ್ಟರೆ ಎಲ್ಲವೂ ಮಬ್ಬಾಗುತ್ತದೆ. ಅಕ್ಷರ ದೊಡ್ಡದು ಬೇಕೆಂದು ಹೀಗೆ ಮಾಡಿಕೊಂಡವರು ತುಂಬಾ ಜನ. ಅಕ್ಷರ ದೊಡ್ಡದು ಮಾಡಲು ‘ಸ್ಕೇಲ್’ ಇದೆ, ರೆಸಲ್ಯೂಶನ್ ಮುಟ್ಟಬಾರದು. ವಿಂಡೋಸ್ 11ರಲ್ಲಿ ‘ಅಡ್ವಾನ್ಸ್ಡ್ ಡಿಸ್‌ಪ್ಲೇ’ ತೆರೆದರೆ ‘ಡೆಸ್ಕ್‌ಟಾಪ್ ಮೋಡ್’, ‘ಆ್ಯಕ್ಟಿವ್ ಸಿಗ್ನಲ್ ಮೋಡ್’ ಎಂದು ಎರಡು ಅಳತೆ ಕಾಣುತ್ತವೆ. ಎರಡೂ ಒಂದೇ ಇರಬೇಕು.

ಬ್ರೌಸರ್ ಒಂದೇ ಮಬ್ಬಾಗಿ, ಉಳಿದ ಪ್ರೋಗ್ರಾಮ್‌ಗಳು ಚೆನ್ನಾಗಿದ್ದರೆ ಅದರ ಐಕಾನ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಪ್ರಾಪರ್ಟೀಸ್’, ‘ಕಂಪ್ಯಾಟಿಬಿಲಿಟಿ’, ‘ಚೇಂಜ್ ಹೈ ಡಿಪಿಐ ಸೆಟ್ಟಿಂಗ್ಸ್’ಗೆ ಹೋಗಿ. ಅಲ್ಲಿ ‘ಓವರ್‌ರೈಡ್’ ಎಂಬುದಕ್ಕೆ ಗುರುತು ಇದ್ದರೆ ತೆಗೆಯಿರಿ. ಯಾವುದೋ ವಿಡಿಯೊ ನೋಡಿ ಹಿಂದೆಂದೋ ಹಾಕಿದ್ದ ಗುರುತು ಇದು.

ಈಗ ಟಿವಿಯ ವಿಷಯ. ಮುಂಬಯಿಯ ಒಂದು ಕೋಣೆ-ಅಡುಗೆಮನೆಯ ಮನೆಗಳಲ್ಲಿ ಬೇರೆ ಮಾನಿಟರ್‌ಗೆ ಜಾಗ ಎಲ್ಲಿ? ಗೋಡೆಯ ಟಿವಿಗೆ ಎಚ್‌ಡಿಎಂಐ ಕೇಬಲ್ ಹಾಕಿ ಕೆಲಸ ಮಾಡುತ್ತಾರೆ. ಟಿವಿ ಸಿನಿಮಾಗೆ ಹೊಂದಿಸಿದ ಯಂತ್ರ. ಅದು ಚಿತ್ರವನ್ನು ಸ್ವಲ್ಪ ಹಿಗ್ಗಿಸಿ ಅಂಚು ಕತ್ತರಿಸುತ್ತದೆ. ಕೆಳಗಿನ ಟಾಸ್ಕ್‌ಬಾರ್ ಅರ್ಧ ಕಾಣದಿದ್ದರೆ ಅದೇ ಗುರುತು. ಟಿವಿಯ ಪಿಕ್ಚರ್ ಮೆನುವಿನಲ್ಲಿ ‘ಜಸ್ಟ್ ಸ್ಕ್ಯಾನ್’, ‘ಸ್ಕ್ರೀನ್ ಫಿಟ್’, ‘ಫುಲ್ ಪಿಕ್ಸೆಲ್’ ಇವುಗಳಲ್ಲಿ ಯಾವುದಿದೆಯೋ ಅದನ್ನು ಆರಿಸಿ. ಕಂಪನಿಗೆ ತಕ್ಕಂತೆ ಹೆಸರು ಬೇರೆ, ಕೆಲಸ ಒಂದೇ.

ಆಮೇಲೆ ಆ ಎಚ್‌ಡಿಎಂಐ ಇನ್‌ಪುಟ್‌ಗೆ ‘ಪಿಸಿ’ ಎಂದು ಹೆಸರು ಕೊಡಿ. ಸುಮ್ನೆ ಹೆಸರು ಬದಲಿಸಿದರೆ ಏನಾಗುತ್ತದೆ ಎಂದು ಅನ್ನಿಸಬಹುದು. ಹಲವು ಟಿವಿಗಳಲ್ಲಿ ಆ ಹೆಸರು ಕೊಟ್ಟಾಗಲೇ ಬಣ್ಣದ ಪೂರ್ತಿ ವಿವರ ತೋರಿಸುವ ದಾರಿ ತೆರೆಯುತ್ತದೆ. ಕೆಂಪು, ನೀಲಿ ಅಕ್ಷರಗಳ ಅಂಚು ಕೂಡಲೇ ತಿಳಿಯಾಗುತ್ತದೆ. ಕೊನೆಗೆ ‘ಶಾರ್ಪ್‌ನೆಸ್’ ಇಳಿಸಿ. ಹೌದು, ಇಳಿಸಬೇಕು. ಅದನ್ನು ಏರಿಸಿದಷ್ಟೂ ಅಕ್ಷರಗಳ ಸುತ್ತ ಬಿಳಿ ಗೆರೆ ಬರುತ್ತದೆ. ದೂರದಿಂದ ಚೂಪು ಎನಿಸುತ್ತದೆ, ಹತ್ತಿರದಿಂದ ಒತ್ತಕ್ಷರ ಕಲಸಿಹೋಗಿರುತ್ತದೆ. ಬಿಳಿ ಗೆರೆ ಮಾಯವಾಗುವ ತನಕ ಇಳಿಸಿ ನಿಲ್ಲಿಸಿ.

ಹಳೆಯ ವಿಜಿಎ ಕೇಬಲ್ ಬಳಸುತ್ತಿದ್ದರೆ ಮಾನಿಟರ್‌ನ ‘ಆಟೊ’ ಗುಂಡಿ ಒತ್ತಿ ನೋಡಿ. ಸಾಧ್ಯ ಇದ್ದರೆ ಲ್ಯಾಮಿಂಗ್ಟನ್ ರೋಡ್‌ಗೆ ಹೋದಾಗ ಎಚ್‌ಡಿಎಂಐ ಕೇಬಲ್ ತಂದುಬಿಡಿ. ಆದರೆ ಕೇಬಲ್‌ಗೆ ಜಾಸ್ತಿ ದುಡ್ಡು ಸುರಿಯಬೇಡಿ. ಎಚ್‌ಡಿಎಂಐ ಡಿಜಿಟಲ್. ಕೇಬಲ್ ಕೆಟ್ಟಿದ್ದರೆ ಚಿತ್ರ ಮಿನುಗುತ್ತದೆ ಅಥವಾ ಬರುವುದೇ ಇಲ್ಲ. ಬರೀ ಮಸುಕಾಗುವುದಕ್ಕೆ ಕೇಬಲ್ ಕಾರಣ ಆಗುವುದಿಲ್ಲ.

ಸಂಘದ ಹಾಲ್‌ನಲ್ಲಿ ಪ್ರೊಜೆಕ್ಟರ್ ನಡೆಸುವವರು ‘ಕೀಸ್ಟೋನ್’ ಸೊನ್ನೆಗೆ ತನ್ನಿ. ಓರೆಯಾದ ಚಿತ್ರವನ್ನು ನೇರ ಮಾಡಲು ಅದು ಪಿಕ್ಸೆಲ್‌ಗಳನ್ನೇ ಕುಗ್ಗಿಸುತ್ತದೆ. ಪ್ರೊಜೆಕ್ಟರನ್ನು ಪರದೆಗೆ ನೇರ ಇಡುವುದೇ ಸರಿ. ಅಗ್ಗದ ಪ್ರೊಜೆಕ್ಟರ್ ಡಬ್ಬಿಯ ಮೇಲೆ ‘1080 ಸಪೋರ್ಟ್’ ಎಂದಿದ್ದರೆ ಅದು ಆ ಸಿಗ್ನಲ್ ತೆಗೆದುಕೊಳ್ಳುತ್ತದೆ ಎಂದಷ್ಟೇ ಅರ್ಥ. ‘ನೇಟಿವ್’ ಎಷ್ಟು ಎಂದು ನೋಡಿ, ವಿಂಡೋಸ್‌ನಲ್ಲಿ ಅದೇ ಅಳತೆ ಕೊಡಿ.

ಬಣ್ಣ ಮಾತ್ರ ಕೆಟ್ಟಿದ್ದರೆ ಮೂರು ಕಡೆ ನೋಡಿ ಸಾಕು. ಎಲ್ಲ ಹಳದಿ ಆಗಿದ್ದರೆ ‘ನೈಟ್ ಲೈಟ್’. ಎಲ್ಲ ತೊಳೆದಂತೆ ಪೇಲವ ಆಗಿದ್ದರೆ ವಿಂಡೋಸ್‌ನ ‘ಎಚ್‌ಡಿಆರ್’. ಚಾರ್ಜರ್ ತೆಗೆದಾಗ ಮಾತ್ರ ಮಂಕಾದರೆ ಬ್ಯಾಟರಿ ಉಳಿಸುವ ಸೆಟ್ಟಿಂಗ್.

## ಹಂತ 7: ಹಳೆಯ ಪುಸ್ತಕ, ಇ-ಪೇಪರ್, ನಕ್ಷೆ

ಇವುಗಳಿಗೆ ಬೇರೆಯೇ ರೀತಿ ಬೇಕು. ಕಾರಣ, ಇಲ್ಲಿ ಚಿತ್ರವನ್ನು ತೋರಿಸುವುದು ತಾಣದೊಳಗಿನ ಓದುವ ಕಿಟಕಿ.

ಇಂಟರ್ನೆಟ್ ಆರ್ಕೈವ್‌ನಲ್ಲಿ ಬಹಳಷ್ಟು ಹಳೆಯ ಕನ್ನಡ ಪುಸ್ತಕಗಳ ಸ್ಕ್ಯಾನ್ ಇವೆ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದ ಪುಸ್ತಕಗಳೂ ಅಲ್ಲಿ ಸಿಗುತ್ತವೆ. ಅಲ್ಲಿ ಪುಟ ತೆರೆದಾಗ ಮೊದಲು ಬರುವುದು ಕಿಟಕಿಗೆ ಹೊಂದುವಷ್ಟು ಸಣ್ಣ ಚಿತ್ರ. ದೊಡ್ಡದು ಮಾಡಲು ಬ್ರೌಸರ್ ಜೂಮ್ ಬಳಸಬೇಡಿ. ಓದುವ ಕಿಟಕಿಯಲ್ಲೇ ಇರುವ ಭೂತಗನ್ನಡಿಯ ಗುಂಡಿ ಒತ್ತಿ. ಆಗ ತಾಣವು ಹೆಚ್ಚು ವಿವರದ ಚಿತ್ರವನ್ನು ಹೊಸದಾಗಿ ಕಳಿಸುತ್ತದೆ. ಒತ್ತಿದ ಮೇಲೆ ಒಂದೆರಡು ಕ್ಷಣ ಕಾಯಿರಿ, ಮೊದಲು ಮಬ್ಬಾಗಿ ಕಂಡು ಆಮೇಲೆ ತಿಳಿಯಾಗುತ್ತದೆ.

ಅಲ್ಲಿಂದ ಪಿಡಿಎಫ್ ಇಳಿಸಿದರೆ ಇನ್ನಷ್ಟು ಸ್ಪಷ್ಟ ಸಿಗುತ್ತದೆ ಎಂಬ ನಂಬಿಕೆ ಇದೆ. ಬಹಳ ಸಲ ಉಲ್ಟಾ. ಪಿಡಿಎಫ್ ಹಗುರ ಆಗಲೆಂದು ಬಿಗಿಯಾಗಿ ಕುಗ್ಗಿಸಿರುತ್ತಾರೆ. ‘ಡೌನ್‌ಲೋಡ್ ಆಪ್ಶನ್ಸ್’ ಪಟ್ಟಿಯಲ್ಲಿ ಜೆಪಿ2 ಜಿಪ್ (ಪುಟಗಳ ಚಿತ್ರಗಳನ್ನು ಒಟ್ಟಿಗೆ ಕಟ್ಟಿದ ಫೈಲ್) ಇದ್ದರೆ ಅದೇ ಒಳ್ಳೆಯ ಪ್ರತಿ. ಫೈಲ್ ದೊಡ್ಡದು, ವೈಫೈ ಇರುವಾಗ ಇಳಿಸಿ. ಜೆಪಿ2 ಫೈಲನ್ನು ಕ್ರೋಮ್ ತೆರೆಯುವುದಿಲ್ಲ. ಫೈಲ್ ಕೆಟ್ಟಿದೆ ಎಂದು ಅಳಿಸಿಬಿಡಬೇಡಿ. ಮ್ಯಾಕ್‌ನಲ್ಲಿ ಪ್ರಿವ್ಯೂ, ವಿಂಡೋಸ್‌ನಲ್ಲಿ ಗಿಂಪ್ ಎಂಬ ಪ್ರೋಗ್ರಾಮ್ ತೆರೆಯುತ್ತದೆ.

ಇ-ಪೇಪರ್‌ಗಳಲ್ಲಿ ಇಡೀ ಪುಟ ಒಂದು ನೋಟಕ್ಕಾಗಿ ಮಾತ್ರ. ಸುದ್ದಿಯ ಮೇಲೆ ಕ್ಲಿಕ್ ಮಾಡಿದಾಗ ಬರುವ ತುಂಡಿನಲ್ಲಿ ವಿವರ ಜಾಸ್ತಿ ಇರುತ್ತದೆ. ಸ್ಕ್ರೀನ್‌ಶಾಟ್ ತೆಗೆದು ಹಂಚುವ ಮೊದಲು ಆ ತುಂಡನ್ನು ತೆರೆಯಿರಿ.

ಪಹಣಿ, ಸರ್ವೆ ನಕ್ಷೆ, ಇಲ್ಲಿನ ಜಮೀನು ದಾಖಲೆ ಸಾತ್‌ಬಾರಾ ಇವುಗಳ ಪಿಡಿಎಫ್ ಸಿಕ್ಕರೆ ಪರದೆಯ ಫೋಟೊ ತೆಗೆಯದೆ ಪಿಡಿಎಫ್ಅನ್ನೇ ಉಳಿಸಿ. ಅದನ್ನು 400ಕ್ಕೆ ಜೂಮ್ ಮಾಡಿ. ಗೆರೆ, ಅಕ್ಷರಗಳು ಆಗಲೂ ಚೂಪಾಗಿದ್ದರೆ ಒಳಗಿರುವುದು ನಿಜವಾದ ಗೆರೆಗಳು, ಎಷ್ಟು ದೊಡ್ಡದು ಮಾಡಿದರೂ ಕೆಡುವುದಿಲ್ಲ. ಮೆಟ್ಟಿಲು ಮೆಟ್ಟಿಲಾಗಿ ಕಂಡರೆ ಸ್ಕ್ಯಾನ್. ಸಂದೇಹದ ಅಂಕಿಯನ್ನು ಊಹಿಸಬೇಡಿ. ಕಚೇರಿಯಿಂದ ಪ್ರತಿ ಪಡೆದು ಹೋಲಿಸಿ.

## ಮುಟ್ಟಬಾರದ ಕೆಲವು

ವಿಂಡೋಸ್‌ನ ‘ಕ್ಲಿಯರ್‌ಟೈಪ್’ ಹೊಂದಿಸುವುದು ಅಕ್ಷರಗಳಿಗೆ ಮಾತ್ರ. ಚಿತ್ರದೊಳಗಿನ ಅಕ್ಷರ ಅದರ ಪಾಲಿಗೆ ಚಿತ್ರವೇ.

ಕ್ರೋಮ್‌ನ ‘ಫ್ಲ್ಯಾಗ್ಸ್’ ಪುಟದಲ್ಲಿ ನಾಲ್ಕಾರು ಆಯ್ಕೆ ಬದಲಿಸಿ ಎಂಬ ಸಲಹೆ ಎಲ್ಲೆಡೆ ಇದೆ. ಅವು ಪ್ರಯೋಗದ ಆಯ್ಕೆಗಳು, ಯಾವಾಗ ಬೇಕಾದರೂ ಮಾಯವಾಗುತ್ತವೆ. ಈಗಾಗಲೇ ಬದಲಿಸಿದ್ದರೆ ಆ ಪುಟದ ಮೇಲಿರುವ ‘ರೀಸೆಟ್ ಆಲ್’ ಒತ್ತಿ. ಅಲ್ಲಿನ ‘ಆಟೊ ಡಾರ್ಕ್ ಮೋಡ್’ ಒಂದೇ ಎಷ್ಟೋ ಸ್ಕ್ಯಾನ್ ಪುಟಗಳನ್ನು ಕೆಡಿಸಿದೆ.

‘ಈ ಚಿತ್ರ ನೋಡಲು ಪ್ಲಗಿನ್ ಹಾಕಿಕೊಳ್ಳಿ’ ಎಂದು ಪುಟವೊಂದು ಹೇಳಿದರೆ ಕೂಡಲೇ ಮುಚ್ಚಿ. ಚಿತ್ರ ನೋಡಲು ಇಂದಿನ ಬ್ರೌಸರ್‌ಗೆ ಯಾವ ಪ್ಲಗಿನ್ನೂ ಬೇಡ. ಚಿತ್ರ ಚೂಪು ಮಾಡುವ ಎಕ್ಸ್‌ಟೆನ್ಶನ್‌ಗಳು ‘ಎಲ್ಲ ತಾಣಗಳ ಮಾಹಿತಿ ಓದಲು, ಬದಲಿಸಲು’ ಅನುಮತಿ ಕೇಳುತ್ತವೆ. ನಿಮ್ಮ ಬ್ಯಾಂಕಿನ ಪುಟವೂ ಆ ‘ಎಲ್ಲ’ದೊಳಗೆ ಬರುತ್ತದೆ. ದಯವಿಟ್ಟು ಬೇಡ.

ಎಐ ಬಳಸಿ ಚಿತ್ರ ತಿಳಿ ಮಾಡುವ ತಾಣಗಳೂ ಬಂದಿವೆ. ಅಜ್ಜಿಯ ಹಳೆಯ ಫೋಟೊಗೆ ಪ್ರಯತ್ನಿಸಿ ನೋಡಬಹುದು. ದಾಖಲೆಗೆ ಎಂದೂ ಬೇಡ. ಅವು ಇಲ್ಲದ ವಿವರವನ್ನು ಊಹಿಸಿ ಬಿಡಿಸುತ್ತವೆ. ಮಸುಕಾದ 3 ಚೂಪಾದ 8 ಆಗಿ ಬಂದರೆ ನಿಮಗೆ ಅನುಮಾನವೂ ಬರುವುದಿಲ್ಲ.

## ಹಂತ 8: ಫೈಲೇ ಕೆಟ್ಟಿದ್ದರೆ, ಮೂಲ ಪ್ರತಿ ತರಿಸಿಕೊಳ್ಳಿ

2ನೇ ಹಂತದಲ್ಲಿ ಅಳತೆ ಸಣ್ಣದು ಎಂದು ಕಂಡವರಿಗೆ ಇದೊಂದೇ ದಾರಿ. ಚಿತ್ರ ವಾಟ್ಸ್ಆ್ಯಪ್‌ನಲ್ಲಿ ಬಂದಿದ್ದರೆ ಕಳಿಸಿದವರಿಗೆ ಹೇಳಿ: ಫೋಟೊ ಆಗಿ ಕಳಿಸಬೇಡಿ, ಲಗತ್ತಿಸುವ ಗುರುತು (ಪೇಪರ್ ಕ್ಲಿಪ್ ಅಥವಾ +) ಒತ್ತಿ ‘ಡಾಕ್ಯುಮೆಂಟ್’ ಆರಿಸಿ ಅದೇ ಫೈಲ್ ಕಳಿಸಿ. ಹಾಗೆ ಕಳಿಸಿದರೆ ವಾಟ್ಸ್ಆ್ಯಪ್ ಅದನ್ನು ಕುಗ್ಗಿಸುವುದಿಲ್ಲ. 2023ರಿಂದ ಫೋಟೊ ಕಳಿಸುವಾಗ ‘ಎಚ್‌ಡಿ’ ಆಯ್ಕೆಯೂ ಇದೆ. ಅದು ಪರವಾಗಿಲ್ಲ, ಆದರೆ ಅದರಲ್ಲೂ ಸ್ವಲ್ಪ ಕುಗ್ಗುತ್ತದೆ.

ಒಂದು ಗುಂಪಿನಿಂದ ಇನ್ನೊಂದಕ್ಕೆ ಸ್ಕ್ರೀನ್‌ಶಾಟ್ ಆಗಿ ಸಾಗಿ ಬಂದ ಕರೆಯೋಲೆಯಾದರೆ ಮೊದಲು ಕಳಿಸಿದವರು ಯಾರು ಎಂದು ವಿಚಾರಿಸಿ, ಅವರಿಂದಲೇ ತರಿಸಿ. ಅಚ್ಚಿಗೆ ಕೊಟ್ಟವರ ಬಳಿ ಪಿಡಿಎಫ್ ಇದ್ದೇ ಇರುತ್ತದೆ. ಊರಿನಿಂದ ಕಾಗದಪತ್ರದ ಫೋಟೊ ತರಿಸುವುದಾದರೆ ಕಾಗದವನ್ನು ಕಿಟಕಿಯ ಬೆಳಕಿನಲ್ಲಿ ಮಟ್ಟಸವಾಗಿ ಇಡಲು ಹೇಳಿ. ಫೋನ್ ನೇರ ಮೇಲಿರಲಿ. ಕ್ಯಾಮೆರಾ ಗಾಜನ್ನು ಮೊದಲು ಬಟ್ಟೆಯಿಂದ ಒರೆಸಲಿ. ದೊಡ್ಡ ನಕ್ಷೆಯನ್ನು ಒಂದೇ ಫೋಟೊದಲ್ಲಿ ಹಿಡಿಯುವ ಬದಲು ನಾಲ್ಕು ಭಾಗವಾಗಿ, ಅಂಚುಗಳು ಒಂದರ ಮೇಲೊಂದು ಸ್ವಲ್ಪ ಬರುವ ಹಾಗೆ ತೆಗೆಯಲಿ. ಫೈಲ್ ಬಂದ ಕೂಡಲೇ ಬ್ರೌಸರ್‌ನಲ್ಲಿ ತೆರೆದು ಟ್ಯಾಬ್ ಮೇಲಿನ ಎರಡು ಸಂಖ್ಯೆ ನೋಡಿ, ಸಾಲದಿದ್ದರೆ ಅವರು ಕಾಗದ ಮಡಚಿ ಒಳಗಿಡುವ ಮೊದಲೇ ಇನ್ನೊಮ್ಮೆ ಕೇಳಿ.